ಪೆನ್ಸಿಲ್ ದಪ್ಪದ ಸಂದು

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಕಳೆದವು. ಅಡಿಕೆ ಕೊಯ್ಲು, ಮಗಳ ಪರೀಕ್ಷೆ, ಮತ್ತೆ ಮಾಮೂಲಿ ಸೋಮಾರಿತನ... ಯಾವುದನ್ನು ಬೇಕಾದರೂ ನೆವ ಮಾಡಿಕೊಳ್ಳಬಹುದು. ಇವತ್ತು ಬರೆಯಲು ಕೂತದ್ದು ಜೇನಿನ ಬಗ್ಗೆ. ಜೇನು ಸಾಕುವುದು ಹೇಗೆ ಅಂತ ಪಾಠ ಮಾಡುವಷ್ಟು ಅನುಭವ ನನಗಿಲ್ಲ. ಆದರೆ ಮಗಳಿಗೆ ಕಲಿಸುತ್ತೇನೆ ಅಂತ ಹೊರಟವನು ಅದರ ಚರಿತ್ರೆ ಓದುವ ಹುಚ್ಚು ಹಿಡಿಸಿಕೊಂಡೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ನಿಮಗೆ ಗೊತ್ತಲ್ಲ :-)

ಎರಡು ವರ್ಷದ ಹಿಂದಿನ ಬೇಸಿಗೆ ರಜೆ. ಮಗಳಿಗೆ ಆಗ ಎಂಟು. ಅಟ್ಟ ಹತ್ತಿದವಳು ಒಂದು ಹಳೇ ಮರದ ಪೆಟ್ಟಿಗೆಯನ್ನು ಎಳೆದುಕೊಂಡು ಬಂದಳು. ಒಳಗೆ ಅಮ್ಮ ಒಡೆದ ಭರಣಿ, ತುಕ್ಕು ಹಿಡಿದ ಬೀಗ ಎಲ್ಲ ತುಂಬಿಸಿಟ್ಟಿದ್ದಳು. ಅಪ್ಪ ಜಗಲಿಯಲ್ಲಿ ಭೂತಗನ್ನಡಿ ಹಿಡಿದು ಪೇಪರ್ ಓದುತ್ತಾ ಇದ್ದರು. ಗ್ಲಾಕೋಮಾದಿಂದ ಅವರ ಕಣ್ಣು ಅರ್ಧಕ್ಕಿಂತ ಹೆಚ್ಚು ಹೋಗಿದೆ.

"ಅಜ್ಜ, ಈ ಪೆಟ್ಟಿಗೆಗೆ ಯಾಕೆ ಇಷ್ಟು ಸಣ್ಣ ಬಾಗಿಲು?"

"ಜೇನಿನ ಪೆಟ್ಟಿಗೆ ಅದು. ಅಲ್ಲೇ ಇಡು."

"ಜೇನು ಎಲ್ಲಿ ಹೋಯ್ತು?"

ಅಪ್ಪ ಉತ್ತರ ಕೊಡಲಿಲ್ಲ. ಎಲ್ಲಿ ಹೋಯಿತು ಅನ್ನುವುದು ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳುವ ಮೊದಲು ಈ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಹೇಗೆ ಅನ್ನುವುದನ್ನು ಹೇಳಬೇಕು.

ನನ್ನ ಅಜ್ಜನ ಕಾಲದಲ್ಲಿ ಜೇನು ಅಂದರೆ ಸಾಕುವ ಜೀವಿಯಲ್ಲ, ಸಿಕ್ಕಿದರೆ ದಕ್ಕಿಸಿಕೊಳ್ಳುವ ವಸ್ತು. ಮರದ ಪೊಟರೆಯಲ್ಲೋ ಹುತ್ತದಲ್ಲೋ ತುಡುವೆ ಜೇನು ಸೇರಿಕೊಂಡದ್ದು ಗೊತ್ತಾದರೆ ಹೊಗೆ ಹಾಕಿ, ಕೈ ಹಾಕಿ, ಎರಿಗಳನ್ನೆಲ್ಲ ಕಿತ್ತು ತರುವುದು. ಬಟ್ಟೆಯಲ್ಲಿ ಕಟ್ಟಿ ಹಿಂಡುವುದು. ತುಪ್ಪದ ಜೊತೆಗೆ ಮರಿಹುಳುಗಳೂ ಹಿಂಡಿ ಹೋಗುತ್ತಿದ್ದವು. ಮಕ್ಕಳ ಕೆಲಸ ಗೆರಟೆ ಹಿಡಿದು ದೂರ ನಿಲ್ಲುವುದು, ಆಮೇಲೆ ಮೇಣ ಜಗಿದು ಉಗಿಯುವುದು. ಸ್ವಲ್ಪ ಜಾಣರಾದವರು ಮಡಕೆಯ ಒಳಗೆ ಮೇಣ ಸವರಿ ಮಾಡಿನ ಕೆಳಗೆ ಕವುಚಿ ಕಟ್ಟುತ್ತಿದ್ದರು. ಪಾಲಾಗಿ ಬಂದ ಜೇನು ಅದರಲ್ಲಿ ಕೂತರೆ ಅದೃಷ್ಟ. ಆದರೆ ಅಲ್ಲೂ ಕೊನೆಗೆ ಎರಿ ಕೀಳಲೇಬೇಕು, ಮಡಕೆಯ ಒಳಗೆ ಏನು ನಡೆಯುತ್ತದೆ ಅಂತ ನೋಡಲು ಬೇರೆ ಉಪಾಯವೇ ಇರಲಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಸ್ಪೇನಿನ ಅರಾನ್ಯಾ ಗುಹೆಗಳಲ್ಲಿ ಹಗ್ಗದಂಥದ್ದನ್ನು ಹಿಡಿದು ಜೇನಿಗೆ ಕೈ ಹಾಕಿದ ಮನುಷ್ಯನ ಚಿತ್ರ ಇದೆ, ಸಾವಿರಾರು ವರ್ಷ ಹಳೆಯದು. ಮಧ್ಯಪ್ರದೇಶದ ಬಂಡೆಚಿತ್ರಗಳಲ್ಲೂ ಜೇನು ಕೀಳುವವರಿದ್ದಾರೆ. ಸುಂದರಕಾಂಡದಲ್ಲಿ ಸೀತೆಯ ಸುದ್ದಿ ತಂದ ಕಪಿಗಳು ಸುಗ್ರೀವನ ಮಧುವನಕ್ಕೆ ನುಗ್ಗಿ, ಕಾವಲಿದ್ದ ದಧಿಮುಖನಿಗೂ ಎರಡು ಬಿಗಿದು, ಜೇನು ಕುಡಿದು ಕುಣಿದಾಡುತ್ತವೆ. ಅದನ್ನು ಓದಿದಾಗಲೆಲ್ಲ ನನಗೆ ನಮ್ಮೂರಿನ ಹುಡುಗರೇ ಕಣ್ಣ ಮುಂದೆ ಬರುವುದು. ಹಾಗಂತ ಸಾಕುವುದು ಹೊಸದೇನೂ ಅಲ್ಲ. ಈಜಿಪ್ಟಿನಲ್ಲಿ ಸುಮಾರು 4400 ವರ್ಷ ಹಿಂದೆ ಕಟ್ಟಿದ ಸೂರ್ಯದೇವಾಲಯವೊಂದರ ಗೋಡೆಯಲ್ಲಿ ಜೇನುಗೂಡಿನ ಮುಂದೆ ಮಂಡಿಯೂರಿ ಕೂತ ಕೆಲಸಗಾರನ ಕೆತ್ತನೆ ಇದೆ. ಸಾಕುತ್ತಿದ್ದರು. ಆದರೆ ಸಾಕಿದವರಿಗೂ ಗೂಡಿನ ಒಳಗೆ ನಡೆಯುವುದರಲ್ಲಿ ಬಹುಪಾಲು ಗುಟ್ಟೇ.

(ಮಕ್ಕಳಿಗೆ ಜೇನಿನ ಪರಿಚಯ ಆಗುತ್ತಿದ್ದದ್ದು ಇನ್ನೊಂದು ದಾರಿಯಲ್ಲಿ. ಹುಟ್ಟಿದ ಮಗುವಿನ ನಾಲಿಗೆಗೆ ಚಿನ್ನದ ಉಂಗುರದಲ್ಲಿ ಜೇನುತುಪ್ಪ ಮುಟ್ಟಿಸುವುದು. ನನಗೂ ಮುಟ್ಟಿಸಿದ್ದರಂತೆ. ನನ್ನ ಮಗಳಿಗೆ ನಾವು ಮುಟ್ಟಿಸಲಿಲ್ಲ, ಅದಕ್ಕೆ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತವೆ. ಶಿಶುಗಳ ಬಾಟುಲಿಸಂ ಅನ್ನುವ ಈ ಕಾಯಿಲೆಯನ್ನು ಗುರುತಿಸಿದ್ದೇ 1976ರಲ್ಲಿ. ಒಂದು ವರ್ಷ ತುಂಬುವವರೆಗೆ ಜೇನು ಬೇಡ, ಒಂದು ಹನಿಯೂ ಬೇಡ ಅನ್ನುತ್ತಾರೆ ಡಾಕ್ಟರರು. ಮನೆಯಲ್ಲಿ ಎಳೆ ಮಗು ಇರುವವರು ದಯವಿಟ್ಟು ಗಮನಿಸಿ.)

ಯುರೋಪಿನವರ ಕತೆ ನಮಗಿಂತ ಚೆನ್ನಾಗಿತ್ತು ಅಂತ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಒಣಹುಲ್ಲು ಹೆಣೆದು ಮಾಡಿದ, ಕವುಚಿಟ್ಟ ಬುಟ್ಟಿಯಂಥ ಗೂಡುಗಳಲ್ಲಿ ಜೇನು ಇಡುತ್ತಿದ್ದರು. ಚಳಿಗಾಲಕ್ಕೆ ಮುಂಚೆ ಭಾರದ ಬುಟ್ಟಿಗಳ ಕೆಳಗೆ ಗಂಧಕ ಉರಿಸಿ ಅಷ್ಟೂ ಹುಳಗಳನ್ನು ಕೊಂದು ಜೇನು ತೆಗೆಯುತ್ತಿದ್ದರು. ಎರಿ ಬುಟ್ಟಿಗೆ ಅಂಟಿಕೊಂಡಿರುತ್ತದೆ, ಕತ್ತರಿಸದೆ ಏನೂ ಕಾಣುವುದಿಲ್ಲ. ಹಾಗಾಗಿಯೇ ಗೂಡಿನ ಯಜಮಾನ ಗಂಡು ರಾಜ ಅಂತ ಬಹಳ ಕಾಲ ನಂಬಿಕೊಂಡಿದ್ದರು. 1609ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ ಎಂಬ ಪಾದ್ರಿ ಅದು ರಾಣಿಯ ರಾಜ್ಯ ಅಂತ ಪುಸ್ತಕದ ಹೆಸರಿನಲ್ಲೇ ಸಾರಿದ. ಅದೇ ಶತಮಾನದಲ್ಲಿ ಹಾಲೆಂಡಿನ ಸ್ವಾಮರ್‌ಡಾಮ್ ರಾಣಿಯನ್ನು ಸೀಳಿ ಅಂಡಾಶಯ ತೋರಿಸಿದ.

ನನಗೆ ಈ ಚರಿತ್ರೆಯಲ್ಲೆಲ್ಲ ತುಂಬಾ ಹಿಡಿಸಿದವನು ಫ್ರಾಂಸ್ವಾ ಹ್ಯೂಬರ್. 1750ರಲ್ಲಿ ಜಿನೀವಾದಲ್ಲಿ ಹುಟ್ಟಿದವನು. ಹದಿನೈದರ ಹೊತ್ತಿಗೆ ದೃಷ್ಟಿ ಹೋಗಲು ಶುರುವಾಗಿ ಕೊನೆಗೆ ಪೂರ್ತಿ ಕುರುಡನಾದ. ಇವನನ್ನೇ ಮದುವೆಯಾಗುತ್ತೇನೆ ಅಂತ ಹಟ ಹಿಡಿದ ಮರಿ ಲೂಲಿನ್ ಎಂಬ ಹುಡುಗಿ, ಅಪ್ಪ ಒಪ್ಪದ್ದಕ್ಕೆ, ತನ್ನ ಇಷ್ಟದಂತೆ ಮದುವೆಯಾಗಲು ಕಾನೂನಿನ ಪ್ರಕಾರ ಬೇಕಾದ ವಯಸ್ಸು ತುಂಬುವವರೆಗೆ ಕಾದು ಅವನನ್ನೇ ಮದುವೆಯಾದಳು. (ಇದೇ ಒಂದು ಸಿನಿಮಾ ಆಗುತ್ತದೆ, ಬಿಡಿ.) ಈ ಕುರುಡ, ಜೇನಿನ ಬಗ್ಗೆ ಅಲ್ಲಿಯವರೆಗೆ ಕಣ್ಣಿದ್ದವರು ಕಂಡದ್ದಕ್ಕಿಂತ ಹೆಚ್ಚು ಕಂಡ. ಹೇಗೆ? ಮನೆಯ ಆಳು ಫ್ರಾಂಸ್ವಾ ಬರ್ನೆನ್ಸ್‌ನ ಕಣ್ಣಿನಿಂದ. ಹ್ಯೂಬರ್ ಪ್ರಶ್ನೆ ಕೇಳುವುದು, ಹಳ್ಳಿಯ ಆ ಹುಡುಗ ನೋಡಿ ಹೇಳುವುದು. ಹೇಳಿದ್ದು ಸರಿಯೋ ಅಂತ ಇನ್ನೊಂದು ರೀತಿಯಲ್ಲಿ ಕೇಳುವುದು, ಅವನು ಮತ್ತೆ ನೋಡುವುದು. ಒಮ್ಮೆ ಕೆಲಸಗಾರ ನೊಣಗಳೂ ಮೊಟ್ಟೆ ಇಡುತ್ತವೆಯೋ ಅನ್ನುವ ಅನುಮಾನ ಬಂತು. ಬರ್ನೆನ್ಸ್ ಎರಡು ಗೂಡುಗಳ ಅಷ್ಟೂ ನೊಣಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದ. ಹನ್ನೊಂದು ದಿನ ಹಿಡಿಯಿತು!

ಅವರಿಬ್ಬರೂ ನೋಡಲಿಕ್ಕೆಂದೇ ಮಾಡಿಸಿದ ಗೂಡು ಇನ್ನೂ ಸೊಗಸು. ಮರದ ಚೌಕಟ್ಟುಗಳನ್ನು ಒಂದು ಬದಿಯಲ್ಲಿ ತಿರುಗಣೆಯಿಂದ ಜೋಡಿಸಿದ್ದು. ಪುಸ್ತಕದ ಹಾಳೆ ಮಗುಚುವ ಹಾಗೆ ಒಂದೊಂದೇ ಎರಿಯನ್ನು ಬಿಡಿಸಿ ನೋಡಬಹುದಿತ್ತು. ರಾಣಿಯ ಮಿಲನ ಗೂಡಿನ ಒಳಗಲ್ಲ, ಹೊರಗೆ ಹಾರಾಟದಲ್ಲಿ ನಡೆಯುತ್ತದೆ ಅನ್ನುವುದನ್ನು ಅವರು ಗಟ್ಟಿ ಮಾಡಿದರು. ಅದನ್ನು ಅವರಿಗಿಂತ ಮೊದಲೇ ಹೇಳಿದವನು ಆಂಟನ್ ಯಾನ್ಶಾ. ಈಗಿನ ಸ್ಲೊವೇನಿಯಾದ ಹಳ್ಳಿಮನೆಯಲ್ಲಿ ಅಪ್ಪನ ಜೇನುಗೂಡುಗಳ ಮಧ್ಯೆಯೇ ಬೆಳೆದವನು, ಚಿತ್ರಕಾರನಾಗಬೇಕು ಅಂತ ವಿಯೆನ್ನಾಕ್ಕೆ ಹೋದವನು, 1770ರಲ್ಲಿ ಅಲ್ಲೇ ಜೇನಿನ ಮೇಷ್ಟ್ರಾದ. 2018ರಿಂದ ಮೇ 20ನ್ನು ವಿಶ್ವ ಜೇನುನೊಣ ದಿನ ಅಂತ ಆಚರಿಸುವುದು ಅವನ ನೆನಪಿನಲ್ಲೇ. ಹ್ಯೂಬರನ ಪುಸ್ತಕ ಬಂದದ್ದು 1792ರಲ್ಲಿ. ಬರ್ನೆನ್ಸ್ ಊರಿಗೆ ಹೋದ ಮೇಲೆ ಹೆಂಡತಿ ಮತ್ತು ಮಗ ಪಿಯರ್ ಅವನ ಕಣ್ಣಾದರು. ಅಪ್ಪನಿಗೆ ನೋಡಿ ಹೇಳುತ್ತಾ ಬೆಳೆದ ಆ ಮಗ ಮುಂದೆ ಇರುವೆಗಳ ದೊಡ್ಡ ಪಂಡಿತನಾದ.

ಹ್ಯೂಬರನ ಗೂಡು ನೋಡುವುದಕ್ಕೆ ಚೆನ್ನ. ಆದರೆ ಬೇಕಾದ ಚೌಕಟ್ಟೊಂದನ್ನು ಮಾತ್ರ ಸಲೀಸಾಗಿ ಮೇಲೆತ್ತಿ ಮತ್ತೆ ಇಡುವುದು ಅದರಲ್ಲಿ ಆಗುತ್ತಿರಲಿಲ್ಲ. ಅದಕ್ಕೆ ಅಮೆರಿಕದ ಇನ್ನೊಬ್ಬ ಪಾದ್ರಿ ಬೇಕಾಯಿತು, ಲೊರೆಂಜೊ ಲ್ಯಾಂಗ್‌ಸ್ಟ್ರಾತ್. ಇವನು ಚಿಕ್ಕಂದಿನಲ್ಲಿ ಇರುವೆ ನೋಡಲು ಜಲ್ಲಿ ದಾರಿಯಲ್ಲಿ ಮಂಡಿಯೂರಿ ಕೂತು ಕೂತು ಚಡ್ಡಿ ತೂತು ಮಾಡಿಕೊಂಡು, ಮನೆಯಲ್ಲಿ ಪೆಟ್ಟು ತಿಂದಿದ್ದನಂತೆ. 1851ರಲ್ಲಿ ಅವನಿಗೆ ಹೊಳೆದ ವಿಷಯ ಇಷ್ಟೇ: ಜೇನುನೊಣಗಳು ತೀರಾ ಇಕ್ಕಟ್ಟಾದ ಸಂದನ್ನು ಅಂಟಿನಿಂದ ಮುಚ್ಚುತ್ತವೆ, ಅಗಲವಾದ ಸಂದಿನಲ್ಲಿ ಎರಿ ಕಟ್ಟುತ್ತವೆ. ಇವೆರಡರ ನಡುವೆ ಒಂದು ಅಳತೆ ಇದೆ. ಸುಮಾರು 6ರಿಂದ 9 ಮಿಲಿಮೀಟರ್. ಅಷ್ಟು ಜಾಗ ಬಿಟ್ಟರೆ ಅದು ತಮ್ಮ ಓಡಾಟದ ದಾರಿ ಅಂತ ತಿಳಿದು ಅವು ಖಾಲಿ ಬಿಡುತ್ತವೆ. ಚೌಕಟ್ಟಿನ ಸುತ್ತ ಅಷ್ಟು ಸಂದು ಬಿಟ್ಟ. ಎರಿ ಯಾವುದಕ್ಕೂ ಅಂಟಿಕೊಳ್ಳಲಿಲ್ಲ. 1852ರಲ್ಲಿ ಪೇಟೆಂಟ್ ಸಿಕ್ಕಿತು, ದುಡ್ಡು ಸಿಗಲಿಲ್ಲ, ಎಲ್ಲರೂ ಕದ್ದು ಮಾಡಿಕೊಂಡರು.

ಅದು ಪೆನ್ಸಿಲ್ ದಪ್ಪದ ಸಂದು. ಅದು ಸಿಕ್ಕಿದ ಮೇಲೆ ಗೂಡು ಒಡೆಯದೆ, ಹುಳ ಕೊಲ್ಲದೆ, ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಬಹುದು ಅಂತಾಯಿತು. ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೋಡು, ಇದು ಮೊಟ್ಟೆ, ಇದು ಮರಿ, ಇದು ರಾಣಿ" ಅನ್ನುವುದು ಅಲ್ಲಿಂದ ಈಚೆಗೆ ಸಲೀಸಾಯಿತು.

ನಮ್ಮ ಕಡೆಗೆ ಪೆಟ್ಟಿಗೆ ಬರಲು ಇನ್ನೂ ಅರವತ್ತು ವರ್ಷ ಹಿಡಿಯಿತು. ನಮ್ಮ ತುಡುವೆ ಯುರೋಪಿನ ಜೇನಿಗಿಂತ ಚಿಕ್ಕದು, ಅವರ ಪೆಟ್ಟಿಗೆ ಇದಕ್ಕೆ ಅರಮನೆ. ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ಇದರ ಅಳತೆಗೆ ತಕ್ಕ ಸಣ್ಣ ಪೆಟ್ಟಿಗೆ ಮಾಡಿ 1911ರಿಂದ 1917ರವರೆಗೆ ಹಳ್ಳಿಯವರಿಗೆ ತರಬೇತಿ ಕೊಟ್ಟರು. ನ್ಯೂಟನ್ ಪೆಟ್ಟಿಗೆ ಅಂತ ಈಗಲೂ ಹೇಳುವುದು ಅದಕ್ಕೇ. ಸೇಬು ಬಿದ್ದ ನ್ಯೂಟನ್ನೇ ಇವರು ಅಂತ ನಾನು ಹೈಸ್ಕೂಲು ಮುಗಿಯುವವರೆಗೂ ನಂಬಿದ್ದೆ! 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಜೇನು ಸಾಕಣೆಯನ್ನು ಗೃಹ ಕೈಗಾರಿಕೆಯಾಗಿ ಬೆಳೆಸಿ ಅಂದಿತು. 1936ರಲ್ಲಿ ವಿರಾಜಪೇಟೆಯಲ್ಲಿ ಕೊಡಗಿನ ಜೇನು ಸಾಕುವವರ ಸಹಕಾರ ಸಂಘ ಹುಟ್ಟಿತು. ಪುತ್ತೂರಿನಲ್ಲಿ ದಕ್ಷಿಣ ಕನ್ನಡದ ಜೇನು ವ್ಯವಸಾಯಗಾರರ ಸಂಘ ಬಂತು. ಸ್ವಾತಂತ್ರ್ಯದ ನಂತರ ಖಾದಿ ಆಯೋಗ ಕೈ ಹಾಕಿತು, 1962ರಲ್ಲಿ ಪುಣೆಯಲ್ಲಿ ಕೇಂದ್ರೀಯ ಸಂಶೋಧನಾ ಸಂಸ್ಥೆ ಶುರುವಾಯಿತು. ಮಲೆನಾಡಿನಲ್ಲಿ ಜೇನು ಸೊಸೈಟಿ ಎಷ್ಟು ಮಾಮೂಲಿಯಾಗಿತ್ತು ಅಂದರೆ, ತೇಜಸ್ವಿಯವರ 'ಕರ್ವಾಲೊ' (1980) ತೆರೆದುಕೊಳ್ಳುವುದೇ ಅಲ್ಲಿಂದ. ಮಂದಣ್ಣನನ್ನು ಜೇನಿಲ್ಲದೆ ಊಹಿಸಲು ಆಗುತ್ತದಾ?

ಅಪ್ಪ ಆ ಕಾಲದವರು. ಸಂಘದಿಂದ ಎರಡು ಪೆಟ್ಟಿಗೆ ತಂದು ಶುರು ಮಾಡಿ ಹದಿನೆಂಟಕ್ಕೆ ಮುಟ್ಟಿಸಿದ್ದರು. ಮನೆಯ ಹಿಂದೆ, ತೋಟದ ದರೆಯ ಮೇಲೆ, ಕಲ್ಲುಕಂಬದ ಮೇಲೆ ಒಂದೊಂದು. ಇರುವೆ ಹತ್ತದ ಹಾಗೆ ಕಂಬದ ಬುಡದಲ್ಲಿ ನೀರಿನ ತಟ್ಟೆ. ಶಾಲೆ ಬಿಟ್ಟು ಬಂದ ಮೇಲೆ ಆ ತಟ್ಟೆಗಳಿಗೆ ನೀರು ತುಂಬಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ಹೂವಿಲ್ಲದಾಗ ಸಕ್ಕರೆ ಪಾಕ ಕೊಡುವುದನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ಮಾರ್ಚ್, ಏಪ್ರಿಲ್‌ನಲ್ಲಿ ಜೇನು ತೆಗೆಯುವ ಯಂತ್ರ ತಿರುಗಿಸಲು ನಾನೂ ಅಕ್ಕನೂ ಜಗಳ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಬಂತು. ವೈರಸ್ ಕಾಯಿಲೆ. ಥಾಯ್ಲೆಂಡಿನಲ್ಲಿ 1976ರಲ್ಲಿ ಗುರುತಿಸಿದ್ದು, 1978ರ ಹೊತ್ತಿಗೆ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಕೊನೆಗೆ ದಕ್ಷಿಣಕ್ಕೆ ಇಳಿಯಿತು. ದೊಡ್ಡ ನೊಣಗಳಿಗೆ ಏನೂ ಆದಂತೆ ಕಾಣುವುದಿಲ್ಲ, ಸಾಯುವುದು ಮರಿಗಳು. ಚೆನ್ನಾಗಿರುವ ಎಳೆ ಮರಿ ಕಣದ ತಳದಲ್ಲಿ ಮುತ್ತಿನ ಬಿಳುಪಿನಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಕಾಯಿಲೆ ಬಂದದ್ದು ಕೋಶಕ್ಕೆ ಹೋಗುವ ಹೊತ್ತಿಗೆ ಸೆಟೆದು ಬೆನ್ನ ಮೇಲೆ ಮಲಗಿ, ತಲೆ ಮೇಲೆತ್ತಿ ಸಾಯುತ್ತದೆ. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲ. ದಕ್ಷಿಣದ ರಾಜ್ಯಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಟುಂಬಗಳು ಹೋದವು ಅನ್ನುತ್ತಾರೆ. ನಮ್ಮಲ್ಲಿ ಹದಿನೆಂಟಕ್ಕೆ ಹದಿನೆಂಟೂ. ನಾನಾಗ ಐದನೇ ಕ್ಲಾಸು. ಒಂದು ಸಂಜೆ ಅಪ್ಪ ತೋಟದ ಮೂಲೆಯಲ್ಲಿ ಚೌಕಟ್ಟುಗಳನ್ನೆಲ್ಲ ರಾಶಿ ಹಾಕಿ ಬೆಂಕಿ ಕೊಟ್ಟರು. ಮೇಣ ಉರಿಯುವ ವಾಸನೆ ಎಷ್ಟು ಪರಿಮಳ ಅಂದರೆ, ಮನೆಯಲ್ಲಿ ಏನೋ ಹಬ್ಬ ಅಂತ ಆಚೆಮನೆಯ ಮಕ್ಕಳು ಓಡಿ ಬಂದಿದ್ದರು. ಒಂದು ಪೆಟ್ಟಿಗೆ ಮಾತ್ರ, ಅದು ಹೊಸದು, ಜೇನು ಕೂರದ್ದು, ಅಟ್ಟ ಸೇರಿತು.

ಅದಕ್ಕೆ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಉಳಿದುಕೊಂಡ ಗಟ್ಟಿ ಕುಟುಂಬಗಳಿಂದ ತುಡುವೆ ನಿಧಾನಕ್ಕೆ ಚೇತರಿಸಿಕೊಂಡಿತು. ಪಂಜಾಬಿನ ಕಡೆ 1960ರ ದಶಕದಲ್ಲೇ ನೆಲೆಯಾಗಿದ್ದ ಯುರೋಪಿನ ಮೆಲ್ಲಿಫೆರಾ ಜೇನನ್ನು ಇಲ್ಲಿಯೂ ಕೆಲವರು ತಂದರು. ಸುತ್ತಮುತ್ತ ಅನೇಕರು ಮತ್ತೆ ಪೆಟ್ಟಿಗೆ ಇಟ್ಟರು. ಅಪ್ಪ ಇಡಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಮಗಳು ಬಿಡದೆ ಪೀಡಿಸಿದ ಮೇಲೆ, ಅಪ್ಪನನ್ನು ಕೇಳದೆ, ಪರಿಚಯದವರಿಂದ ಒಂದು ಕುಟುಂಬ ಕೊಂಡು ತಂದೆ. ಅದೂ ಮೇ ಕೊನೆಯಲ್ಲಿ, ಮಳೆಗೆ ಎದುರಾಗಿ. ಅಪ್ಪ ದನಿ ಕೇಳಿಯೇ ಪೆಟ್ಟಿಗೆ ಎಲ್ಲಿದೆ ಅಂತ ತಿಳಿದುಕೊಂಡರು, ಮಾತಾಡಲಿಲ್ಲ. ನಾನು ಉತ್ಸಾಹದಲ್ಲಿ ದಿನಕ್ಕೊಮ್ಮೆ ಮುಚ್ಚಳ ತೆಗೆದು ಮಗಳಿಗೆ ತೋರಿಸಿದ್ದೇ ತೋರಿಸಿದ್ದು. ಅವಳ ಗೆಳತಿಯರಿಗೂ ಒಂದು ಪ್ರದರ್ಶನ. ಜೊತೆಗೆ ಚೌಕಟ್ಟು ಕಡಿಮೆ ಬಿತ್ತು ಅಂತ ನಾನೇ ಎರಡು ಮಾಡಿ ಹಾಕಿದ್ದೆ, ಅಂದಾಜಿನ ಅಳತೆಯಲ್ಲಿ. ಜೂನ್ ಮೂರನೇ ವಾರ ಪೆಟ್ಟಿಗೆ ತೆರೆದರೆ ಖಾಲಿ. ತುಡುವೆಗೆ ಕಿರಿಕಿರಿಯಾದರೆ, ಆಹಾರ ಸಾಲದಿದ್ದರೆ ಇಡೀ ಸಂಸಾರವೇ ಎದ್ದು ಹೋಗುತ್ತದೆ. ಚಿಕ್ಕಂದಿನಿಂದ ನೋಡಿದವನಿಗೆ ಇಷ್ಟು ಗೊತ್ತಿರಬೇಡವೇ?

ಮಗಳು ಎರಡು ದಿನ ಅತ್ತಳು. ಮೂರನೇ ದಿನ ಅಪ್ಪ ಅವಳ ಕೈಲಿ ಆ ಪೆಟ್ಟಿಗೆಯನ್ನು ಜಗಲಿಗೆ ತರಿಸಿ, ಕೈಯಲ್ಲೇ ಸವರಿ ನೋಡಿದರು. ನನ್ನ ಚೌಕಟ್ಟಿನ ಹತ್ತಿರ ಕೈ ನಿಂತಿತು. ಅಲ್ಲಿ ಎರಿ ಅಡ್ಡಾದಿಡ್ಡಿ ಕಟ್ಟಿ ಗೋಡೆಗೆ ಅಂಟಿಕೊಂಡಿತ್ತು.

"ಇದು ಯಾರು ಮಾಡಿದ್ದು?"

"ಅಪ್ಪ."

"ಅವನಿಗೆ ಎಂತ ಗೊತ್ತುಂಟು? ನಿನ್ನ ಪೆನ್ಸಿಲ್ ತಾ."

ಪೆನ್ಸಿಲನ್ನು ಸಂದಿಗೆ ಹಾಕಿ ಅಲ್ಲಾಡಿಸಿ ತೋರಿಸಿದರು. "ಇದು ಸಡಿಲವಾಗಿ ಒಳಗೆ ಆಟ ಆಡಿದರೆ ಜಾಗ ಹೆಚ್ಚಾಯ್ತು. ಹೋಗದೇ ಇದ್ದರೆ ಕಡಿಮೆ ಆಯ್ತು. ಸರಿಯಾಗಿ ಹೋಗಿ ಬರಬೇಕು. ಅಷ್ಟೇ ಲೆಕ್ಕ." ಲ್ಯಾಂಗ್‌ಸ್ಟ್ರಾತ್ ಹೆಸರು ಅಪ್ಪ ಕೇಳಿದವರಲ್ಲ.

ಅಕ್ಟೋಬರಿನಲ್ಲಿ, ಅಪ್ಪ ಹೇಳಿದ ಸಮಯಕ್ಕೆ, ದರೆಯ ಮಾಟೆಯಿಂದ ಒಂದು ಕುಟುಂಬ ಹಿಡಿದೆವು. ಅದಕ್ಕೆ ಮೊದಲು ನಾಲ್ಕು ತಿಂಗಳು ಅವಳಿಗೆ ಮುಜಂಟಿಯಲ್ಲಿ ಅಭ್ಯಾಸ. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆ ಮಾಡಿಕೊಂಡು ಇರುತ್ತದಲ್ಲ, ಚುಚ್ಚದ ಪುಟ್ಟ ಜೇನು, ಅದೇ. (ಬೇರೆ ಕಡೆ ಮಿಸರಿ, ನಸರಿ ಅಂತಲೂ ಹೇಳುತ್ತಾರೆ.) ದಿನಾ ಹತ್ತು ನಿಮಿಷ ಅದರ ಬಾಗಿಲ ಮುಂದೆ ಕೂತು, ಕಾಲಿನಲ್ಲಿ ಯಾವ ಬಣ್ಣದ ಪರಾಗ ಬಂತು ಅಂತ ಬರೆದಿಡಬೇಕು. ಮುಟ್ಟುವ ಹಾಗಿಲ್ಲ. ಮಕ್ಕಳಿಗೆ ಶುರು ಮಾಡಿಸುವವರಿಗೆ ನಾನು ಹೇಳುವುದೂ ಇದನ್ನೇ.

ತುಡುವೆಯ ಹತ್ತಿರ ಹೋಗಲು ಅಪ್ಪನ ಕಾನೂನು ಬೇರೆ. ಬಿಳಿ ಬಟ್ಟೆ, ಮುಖಕ್ಕೆ ಪರದೆ, ತಲೆಗೆ ಎಣ್ಣೆ, ಸೆಂಟು ಏನೂ ಬೇಡ. ಬಾಗಿಲಿಗೆ ಅಡ್ಡ ನಿಲ್ಲಬಾರದು, ಬದಿಯಲ್ಲಿ ನಿಲ್ಲಬೇಕು. ಮೋಡ ಇದ್ದ ದಿನ ತೆರೆಯಬಾರದು. ವಾರಕ್ಕೊಮ್ಮೆಗಿಂತ ಹೆಚ್ಚು ತೆರೆಯಬಾರದು (ಇದನ್ನು ಹೇಳುವಾಗ ನನ್ನ ಕಡೆ ತಿರುಗುತ್ತಾರೆ). ಚುಚ್ಚಿದರೆ ಹೊಡೆಯಬಾರದು, ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಬೇಕು. ನಾನು ಸೇರಿಸಿದ್ದು ಒಂದು: ಮೊದಲ ಸಲ ಚುಚ್ಚಿದಾಗ ಅವಳನ್ನು ಅರ್ಧ ಗಂಟೆ ಪಕ್ಕದಲ್ಲೇ ಕೂರಿಸಿಕೊಂಡೆ. ಚುಚ್ಚಿದ ಜಾಗ ಊದುವುದು ಸಹಜ. ಆದರೆ ಮೈಯೆಲ್ಲ ದದ್ದು, ತುಟಿ ಊದುವುದು, ಉಸಿರು ಕಟ್ಟುವುದು ಆದರೆ ಮನೆಮದ್ದು ಮಾಡುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಅವಳಿಗೆ ಕಿರುಬೆರಳು ಬದನೆಕಾಯಿಯಾಯಿತು, ಅಷ್ಟೇ. ಮರುದಿನ ಶಾಲೆಯಲ್ಲಿ ಎಲ್ಲರಿಗೂ ತೋರಿಸಿ ಬಂದಳು.

ಈಗ ಮೂರು ಪೆಟ್ಟಿಗೆ ಇವೆ. ಭಾನುವಾರ ಬೆಳಿಗ್ಗೆ ಹತ್ತರ ಬಿಸಿಲಿಗೆ ಅಪ್ಪ ಕುರ್ಚಿ ಹಾಕಿಸಿಕೊಂಡು ಬದಿಯಲ್ಲಿ ಕೂರುತ್ತಾರೆ. ನಾನು ಹೊಗೆ ಹಾಕುವವನು, ಚೌಕಟ್ಟು ಎತ್ತುವವನು. ಮಗಳು ಹತ್ತಿರ ಬಗ್ಗಿ ನೋಡುವವಳು. ರಾಣಿ ಕಂಡರೆ ಅವಳಿಗೆ ಸಂಭ್ರಮ, ಅಪ್ಪ ಮಾತ್ರ ರಾಣಿಯ ಬಗ್ಗೆ ಕೇಳುವುದೇ ಇಲ್ಲ.

"ಮರಿ ಯಾವ ಬಣ್ಣ ಉಂಟು?"

"ಬಿಳಿ."

"ಹೊಳಪುಂಟಾ?"

"ಉಂಟು ಅಜ್ಜ."

"ಮಲಗಿದ್ದು ಹೇಗೆ?"

"ಸುರುಳಿ. ಚಕ್ಕುಲಿ ಹಾಗೆ."

"ಯಾವುದಾದರೂ ತಲೆ ಎತ್ತಿ ಮಲಗಿದ್ದುಂಟಾ? ಮುಚ್ಚಿದ ಕಣದಲ್ಲಿ ತೂತುಂಟಾ? ಸರಿ ನೋಡು, ಗಡಿಬಿಡಿ ಮಾಡ್ಬೇಡ."

ಅವಳು ಚೌಕಟ್ಟಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೆನ್ಸಿಲ್ ತುದಿಯನ್ನು ಗಾಳಿಯಲ್ಲೇ ಸಾಲು ಸಾಲಾಗಿ ಸರಿಸುತ್ತಾ ಹೋಗುತ್ತಾಳೆ. ನನ್ನ ಕೈ ಸೋಲುತ್ತದೆ, ಆದರೂ ಅಲ್ಲಾಡಿಸುವ ಹಾಗಿಲ್ಲ. ಕಳೆದ ಭಾನುವಾರ ಎರಡನೇ ಪೆಟ್ಟಿಗೆಯ ನಾಲ್ಕನೇ ಚೌಕಟ್ಟಿನಲ್ಲಿ ಅವಳ ಪೆನ್ಸಿಲ್ ಒಂದು ಕಡೆ ನಿಂತಿತು.

"ಅಜ್ಜ, ಇಲ್ಲೊಂದು ತೂತು ಉಂಟು."

ಅಪ್ಪ ಕುರ್ಚಿಯಿಂದ ಎದ್ದರು. ನಾನು ಚಿಮಟದಲ್ಲಿ ಆ ಕಣದ ಮುಚ್ಚಳ ಬಿಡಿಸಿದೆ. ಮಗಳು ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಬಿಳಿ ಉಂಟು. ಕಣ್ಣು ಬಂದಿದೆ ಅಜ್ಜ, ನೇರಳೆ ಬಣ್ಣದ್ದು. ಕಾಲೂ ಉಂಟು."

ಕೋಶದೊಳಗೆ ಬೆಳೆಯುತ್ತಿದ್ದ ನೊಣ ಅದು. ಏನೂ ಆಗಿರಲಿಲ್ಲ. ಮೇಣದ ಮುಚ್ಚಳ ಹಾಕುವಾಗ ಅವೇ ಪೂರ್ತಿ ಮಾಡದೆ ಬಿಟ್ಟದ್ದಿರಬೇಕು, ನಾವೇ ಸುಮ್ಮನೆ ಒಂದನ್ನು ಹಾಳು ಮಾಡಿದೆವು. ಅಪ್ಪ ಮತ್ತೆ ಕೂತುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ನಾಲ್ಕು ಚೌಕಟ್ಟು ಉಂಟಲ್ಲ, ನೋಡು" ಅಂದರು.